ಒಳಗಿನ ಬಿಡುಗಡೆ, ಹೊರಗಿನ ಸಂಕೋಲೆ

1525ರ ಮಾರ್ಚಿನಲ್ಲಿ ದಕ್ಷಿಣ ಜರ್ಮನಿಯ ಮೆಮ್ಮಿಂಗನ್ ಪಟ್ಟಣದಲ್ಲಿ ಸೇರಿದ ರೈತ ಮುಂದಾಳುಗಳು ಹನ್ನೆರಡು ಬೇಡಿಕೆಗಳ ಪಟ್ಟಿ ಅಚ್ಚು ಹಾಕಿಸಿದರು. ಮೂರನೆಯದು ಜೀತದ ಮಾತು. ಕ್ರಿಸ್ತ ತನ್ನ ರಕ್ತ ಸುರಿಸಿ ಕುರುಬನನ್ನೂ ದೊರೆಯನ್ನೂ ಒಂದೇ ಬೆಲೆಗೆ ಬಿಡಿಸಿರುವಾಗ ನಾವು ಇನ್ನೊಬ್ಬರ ಸೊತ್ತಾಗಿರುವುದು ಹೇಗೆ ಎಂದು ಅವರು ಕೇಳಿದರು. ಐದು ವರ್ಷ ಹಿಂದೆ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆಯೇ ಪುಸ್ತಕ ಬರೆದಿದ್ದ ಮಾರ್ಟಿನ್ ಲೂಥರ್ ಇದನ್ನು ಒಪ್ಪಲಿಲ್ಲ. ಆ ಸ್ವಾತಂತ್ರ್ಯ ಆತ್ಮಕ್ಕೆ ಸೇರಿದ್ದು, ಜೀತದಾಳೂ ಕ್ರೈಸ್ತನಾಗಿ ಸ್ವತಂತ್ರನಾಗಿರಬಲ್ಲ ಎಂದ. ದಂಗೆ ಬಿಸಿಯೇರಿದ ಮೇಲೆ ದೊರೆಗಳು ಕತ್ತಿ ಹಿರಿಯಲೆಂದೂ ಬರೆದ.

ಮನುಷ್ಯ ಯಾಕಾಗಿ ಸೃಷ್ಟಿಯಾದ, ಅವನು ಎಷ್ಟರ ಮಟ್ಟಿಗೆ ಸ್ವತಂತ್ರ ಎಂಬ ಕ್ರೈಸ್ತ ಬೋಧನೆಯ ಕಥೆಯನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಚ್ಛೆ ಮತ್ತು ಕೃಪೆಯ ನಡುವಣ ತರ್ಕವಾಗಿ ಹೇಳುತ್ತವೆ. ನನಗೆ ಕಾಣುವಂತೆ ಅದರ ಜೀವಾಳ ಬೇರೆಡೆ ಇದೆ. ಒಳಗಿನ ಬಿಡುಗಡೆಯನ್ನು ಹೊರಗಿನ ಬದುಕಿನಿಂದ ಬೇರೆಯಾಗಿಡಲು ಧರ್ಮಸಭೆ ಮತ್ತೆ ಮತ್ತೆ ಹೆಣಗಿದೆ, ಯಾರೋ ಒಬ್ಬರು ಬಂದು ಎರಡನ್ನೂ ಕೂಡಿಸಿ ಓದಿದ್ದಾರೆ.

ಮೂಲ ಗ್ರಂಥದಲ್ಲೇ ಇದಕ್ಕೆ ಎಡೆ ಇದೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಗಂಡುಹೆಣ್ಣುಗಳನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿ ಭೂಮಿಯ ಮೇಲೆ ದೊರೆತನ ಕೊಡುತ್ತಾನೆ. ಎರಡನೆಯದರಲ್ಲಿ ಅದೇ ಮನುಷ್ಯ ಮಣ್ಣಿನಿಂದ ಬಂದವನು, ತೋಟವನ್ನು ವ್ಯವಸಾಯ ಮಾಡಿ ಕಾಯಬೇಕಾದವನು. ಈಜಿಪ್ಟ್, ಮೆಸೊಪೊಟೇಮಿಯಗಳಲ್ಲಿ ದೇವರ ಪ್ರತಿರೂಪವೆನ್ನಿಸಿಕೊಳ್ಳುತ್ತಿದ್ದವರು ಅರಸರು. ಇಲ್ಲಿ ಆ ಪದವಿ ಎಲ್ಲರದೂ ಆಯಿತು. ಇನ್ನು ಪೌಲ ಗಲಾತ್ಯದವರಿಗೆ ಬರೆಯುವಾಗ ಸ್ವಾತಂತ್ರ್ಯವನ್ನು ಸಾರುತ್ತಾನೆ. ಆದರೆ ಫಿಲೆಮೋನನ ದಾಸ ಒನೇಸಿಮನನ್ನು ಒಡೆಯನ ಬಳಿಗೇ ತಿರುಗಿ ಕಳಿಸುತ್ತಾನೆ, ಸಹೋದರನಂತೆ ಬರಮಾಡಿಕೋ ಎಂಬ ಕೋರಿಕೆಯೊಂದಿಗೆ. ಬಿಡುಗಡೆ ಮಾಡು ಎಂದು ನೇರವಾಗಿ ಹೇಳುವುದಿಲ್ಲ. ಆ ಪುಟ್ಟ ಪತ್ರವನ್ನು ಮುಂದೆ ಎರಡೂ ಪಕ್ಷದವರು ತಮ್ಮ ಸಾಕ್ಷಿಗೆ ಕರೆದರು.

ಎರಡನೆಯ ಶತಮಾನದ ಕೊನೆಯಲ್ಲಿ ಲಿಯೋನ್‌ನ ಬಿಷಪ್ ಐರೇನಿಯಸ್ ಎದುರಿಸಿದ್ದು ನಾಸ್ಟಿಕ್ ಪಂಥಗಳನ್ನು. ಈ ಜಗತ್ತು ಒಬ್ಬ ಕೀಳು ದೇವತೆಯ ಕೆಲಸ, ಅದರಿಂದ ತಪ್ಪಿಸಿಕೊಳ್ಳುವುದೇ ಮುಕ್ತಿ ಎಂದು ಅವರಲ್ಲಿ ಹಲವರು ಹೇಳುತ್ತಿದ್ದರು. ಮಣ್ಣು, ಮೈ, ಬೆಳೆ ಎಲ್ಲವೂ ಒಳ್ಳೆಯ ದೇವರವೇ ಎಂದು ಐರೇನಿಯಸ್ ಹಟ ಹಿಡಿದ. ಅವನ ಆದಾಮ, ಹವ್ವ ಪರಿಪೂರ್ಣರಲ್ಲ, ಇನ್ನೂ ಬೆಳೆಯಬೇಕಾದ ಎಳೆಯರು. ಈ ಓದಿಗೆ ಪಶ್ಚಿಮ ತಕ್ಕ ಮನ್ನಣೆ ಕೊಡಲಿಲ್ಲ. ಪೂರ್ವದ ಗ್ರೀಕ್ ಸಭೆಗಳು ಮಾತ್ರ ಮನುಷ್ಯನ ಗುರಿಯೆಂದರೆ ದೈವೀ ಜೀವದಲ್ಲಿ ಪಾಲು ಪಡೆಯುವುದು ಎಂಬ ಮಾತನ್ನು ಬಿಡದೆ ಕಾಪಾಡಿದವು. ನಾಲ್ಕನೆಯ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿ ಇದೇ ಬೋಧನೆಯನ್ನು ಸಂತೆಗೆ ತಂದ. ಪ್ರಸಂಗಿ ಗ್ರಂಥದ ಮೇಲಿನ ಉಪದೇಶವೊಂದರಲ್ಲಿ, ದಾಸರನ್ನು ಕೊಂಡವರನ್ನು ಎದುರಿಗಿಟ್ಟುಕೊಂಡು, ದೇವರ ಸ್ವರೂಪಕ್ಕೆ ಎಷ್ಟು ಕಾಸು ತೆತ್ತಿರಿ ಎಂದು ಕೇಳಿಬಿಟ್ಟ. ದಾಸ್ಯವೆಂಬ ಪದ್ಧತಿಯನ್ನೇ ಇಷ್ಟು ಬೇರುಸಹಿತ ಹಳಿದ ಮಾತು ಆ ಕಾಲದಲ್ಲಿ ಬಲು ಅಪರೂಪ. ಕೇಳಿದವರು ಮನೆಗೆ ಹೋಗಿ ಎಷ್ಟು ದಾಸರನ್ನು ಬಿಟ್ಟರೋ ಏನೋ.

ಪಶ್ಚಿಮದ ದಾರಿ ತಿರುಗಿದ್ದು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನಿಂದ. ಸುಮಾರು 397ರಿಂದ 400ರ ನಡುವೆ ಬರೆದ ಆತ್ಮನಿವೇದನೆಯಲ್ಲಿ ಅವನು ದೇವರ ಮುಂದೆ ಒಂದು ಬೇಡಿಕೆಯಿಟ್ಟಿದ್ದ: ನೀನೇ ಆಜ್ಞಾಪಿಸು, ಆಜ್ಞೆ ಪಾಲಿಸುವ ಬಲವನ್ನೂ ನೀನೇ ಕೊಡು ಎಂಬರ್ಥದ್ದು. ರೋಮಿನಲ್ಲಿದ್ದ ಬ್ರಿಟನ್ ಮೂಲದ ತಪಸ್ವಿ ಪೆಲೇಜಿಯಸ್‌ಗೆ ಇದನ್ನು ಕೇಳಿ ಸಿಟ್ಟು ಬಂತು. ಬಲವೂ ದೇವರೇ ಕೊಡಬೇಕೆಂದಾದರೆ ಸೋಮಾರಿಯನ್ನು ಬೈಯುವುದು ಹೇಗೆ? ಆಜ್ಞೆ ಕೊಟ್ಟ ದೇವರು ಅದನ್ನು ನಡೆಸುವ ಶಕ್ತಿಯನ್ನು ಸೃಷ್ಟಿಯಲ್ಲೇ ಇಟ್ಟಿದ್ದಾನೆ ಎಂಬುದು ಅವನ ನಿಲುವು. ಅಗಸ್ಟೀನನಾದರೋ ತನ್ನ ಇಚ್ಛೆಯೇ ತನ್ನ ಮಾತು ಕೇಳದ್ದನ್ನು ಒಳಗಿನಿಂದ ಬಲ್ಲವನು. ಆದಿಪಾಪದಿಂದ ಬಾಗಿಹೋದ ಇಚ್ಛೆ ತಾನಾಗಿ ನೆಟ್ಟಗಾಗದು ಎಂದ. 410ರಲ್ಲಿ ರೋಮ್ ಲೂಟಿಯಾದಾಗ ಪೆಲೇಜಿಯಸ್ ಆಫ್ರಿಕಕ್ಕೆ, ಅಲ್ಲಿಂದ ಪಾಲೆಸ್ತೀನಿಗೆ ಹೋದ. 418ರ ಕಾರ್ತೇಜ್ ಸಭೆ ಅವನ ಬೋಧನೆಯನ್ನು ಖಂಡಿಸಿತು. 529ರಲ್ಲಿ ಆರೆಂಜ್ ಸಭೆ ಕೃಪೆಯೇ ಮೊದಲು ಎಂಬುದನ್ನು ಸ್ಥಿರಪಡಿಸಿತು, ಆದರೆ ದೇವರು ಕೆಲವರನ್ನು ಕೇಡಿಗೇ ಗೊತ್ತುಮಾಡಿದ್ದಾನೆ ಎಂಬುದನ್ನು ತಳ್ಳಿಹಾಕಿತು. ಮನುಷ್ಯನ ಒಳಗನ್ನು ಓದುವುದರಲ್ಲಿ ಅಗಸ್ಟೀನನೇ ಆಳದವನು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಲ್ಲಿಂದಾಚೆಗೆ ಪಶ್ಚಿಮದ ಚರ್ಚೆ ಇಚ್ಛೆಯೆಂಬ ಒಂದೇ ಬಾವಿಯನ್ನು ತೋಡುತ್ತಾ ಹೋಯಿತು. ಹೊಲ, ಸಂತೆ, ಅರಮನೆ ಬಾವಿಯ ಹೊರಗೇ ಉಳಿದವು.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಕೃಪೆ ಪ್ರಕೃತಿಯನ್ನು ಅಳಿಸದೆ ಪೂರ್ಣಗೊಳಿಸುತ್ತದೆ ಎಂದು ಎರಡಕ್ಕೂ ರಾಜಿ ಮಾಡಿಸಿದ. ಆ ರಾಜಿ 1524ರಲ್ಲಿ ಮುರಿಯಿತು. ಡಚ್ ವಿದ್ವಾಂಸ ಎರಾಸ್ಮಸ್ ಸ್ವತಂತ್ರ ಇಚ್ಛೆಯ ಪರ ಬರೆದ, ಲೂಥರ್ ಮರುವರ್ಷ ಇಚ್ಛೆಯ ದಾಸ್ಯವನ್ನು ಸಾಧಿಸಿದ. ರೈತರ ದಂಗೆ ಅಡಗಿದ ಅದೇ ವರ್ಷ! 1647ರ ವೆಸ್ಟ್‌ಮಿನ್‌ಸ್ಟರ್ ಪ್ರಶ್ನೋತ್ತರದ ಮೊದಲ ಪ್ರಶ್ನೆಯೇ ಮನುಷ್ಯನ ಮುಖ್ಯ ಗುರಿ ಏನೆಂಬುದು. ದೇವರನ್ನು ಮಹಿಮೆಪಡಿಸುವುದರ ಜೊತೆಗೆ ಅವನಲ್ಲಿ ಆನಂದಿಸುವುದನ್ನೂ ಅದರ ಉತ್ತರ ಸೇರಿಸುತ್ತದೆ. ಬಿಗಿಮುಖದವರೆಂದು ಹೆಸರಾದ ಪ್ಯೂರಿಟನ್ನರಿಂದ ಇದು ಬಂತೆಂಬುದು ಮೋಜಿನ ಸಂಗತಿ.

ಒಳಗು ಹೊರಗುಗಳನ್ನು ಮತ್ತೆ ಕೂಡಿಸಿದ್ದು ಅಮೆರಿಕದ ಆದಿವಾಸಿಗಳ ಮತ್ತು ಆಫ್ರಿಕದ ದಾಸರ ಗೋಳು. ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ 1550–51ರಲ್ಲಿ ವಯ್ಯಾದೊಲಿದ್‌ನ ವಾದದಲ್ಲಿ ಆ ಆದಿವಾಸಿಗಳ ಪರ ನಿಂತ. ಇದೇ ಲಾಸ್ ಕಾಸಾಸ್ ಮೊದಲಿಗೆ ಆಫ್ರಿಕದಿಂದ ದಾಸರನ್ನು ತರಿಸಬಹುದೆಂದು ಸೂಚಿಸಿ ಆಮೇಲೆ ಪಶ್ಚಾತ್ತಾಪಪಟ್ಟವನು. ಕೃಪೆ ಎಲ್ಲರನ್ನೂ ಮೊದಲೇ ಮುಟ್ಟುತ್ತದೆ ಎಂದು ಬೋಧಿಸಿದ ಜಾನ್ ವೆಸ್ಲಿ 1774ರಲ್ಲಿ ದಾಸ್ಯದ ವಿರುದ್ಧ ಪುಸ್ತಿಕೆ ತಂದ. ಎಲ್ಲರೂ ಕರೆಗೆ ಓಗೊಡಬಲ್ಲವರಾದರೆ ಯಾರನ್ನೂ ಮಾರುವಂತಿಲ್ಲ. ದೈವಶಾಸ್ತ್ರ ಇಲ್ಲಿ ನೇರವಾಗಿ ಕಾನೂನಿನ ಬಾಗಿಲು ತಟ್ಟಿತು.

ರೋಮ್ ನಿಧಾನಿಸಿತು. 1864ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಹೊರಡಿಸಿದ ದೋಷಗಳ ಪಟ್ಟಿ ಧಾರ್ಮಿಕ ಸ್ವಾತಂತ್ರ್ಯದ ಆಧುನಿಕ ವಾದವನ್ನು ಖಂಡಿಸಿತ್ತು. ನೂರೊಂದು ವರ್ಷಗಳ ಮೇಲೆ, 1965ರ ಡಿಸೆಂಬರ್ 7ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಅದೇ ಸ್ವಾತಂತ್ರ್ಯವನ್ನು ಮನುಷ್ಯನ ಘನತೆಯ ಮೇಲೆ ನಿಲ್ಲಿಸಿ ಘೋಷಿಸಿತು. ಪರ 2,308 ಮತ, ವಿರುದ್ಧ 70. ಇದನ್ನು ಬೆಳವಣಿಗೆ ಎನ್ನಬೇಕೋ ತಿರುವು ಎನ್ನಬೇಕೋ ಎಂದು ಕಥೋಲಿಕ ವಿದ್ವಾಂಸರು ಇಂದಿಗೂ ಕಾದಾಡುತ್ತಾರೆ. ನನಗಂತೂ ತಿರುವೆಂದೇ ತೋರುತ್ತದೆ.

ಎರಡು ವರ್ಷದ ಮೇಲೆ ಚರ್ಚೆ ಮಣ್ಣಿಗೆ ಇಳಿಯಿತು. ಇತಿಹಾಸಕಾರ ಲಿನ್ ವೈಟ್ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ, ಆದಿಕಾಂಡದ ದೊರೆತನದ ಓದೇ ಪರಿಸರ ನಾಶದ ಬೇರುಗಳಲ್ಲೊಂದು ಎಂದು ಆರೋಪಿಸಿದರು. ಆಗ ದೈವಶಾಸ್ತ್ರಜ್ಞರು ತೋಟ ಕಾಯುವ ಎರಡನೆಯ ಅಧ್ಯಾಯಕ್ಕೂ, ಸೃಷ್ಟಿಯೆಲ್ಲ ನರಳುತ್ತ ಬಿಡುಗಡೆಗೆ ಕಾದಿದೆ ಎಂಬ ಪೌಲನ ಮಾತಿಗೂ ಮರಳಿದರು. ಪೋಪ್ ಫ್ರಾನ್ಸಿಸ್ 2015ರ ವಿಶ್ವಪತ್ರದಲ್ಲಿ ಭೂಮಿಯ ಗೋಳನ್ನು ಬಡವರ ಗೋಳಿನ ಜೊತೆ ಸೇರಿಸಿ ಓದಿದರು.

ಹೊರಗಿನ ಬಿಡುಗಡೆಯ ವಾದ ಬೆಂಗಳೂರಿನಲ್ಲೂ ಜೋರಾಗಿ ನಡೆಯಿತು. ಪಿ. ಡಿ. ದೇವನಂದನ್ ಕಟ್ಟಿದ, ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಮೀಸಲಾದ ಕ್ರೈಸ್ತ ಸಂಸ್ಥೆಯನ್ನು ಮುನ್ನಡೆಸಿದ ಎಂ. ಎಂ. ಥಾಮಸ್, ರಕ್ಷಣೆಯನ್ನು ಮನುಷ್ಯನ ಘನತೆಯ ಹೋರಾಟದಿಂದ ಬಿಡಿಸಲಾಗದು ಎಂದು 1971ರಲ್ಲಿ ಬರೆದರು. ಲೀಮಾದ ಗುಸ್ತಾವೊ ಗುತಿಯೆರೆಸ್ ಅವರ ವಿಮೋಚನಾ ದೈವಶಾಸ್ತ್ರದ ಪುಸ್ತಕವೂ ಅದೇ ವರ್ಷದ್ದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾತಾಡಿದ ಅರವಿಂದ ನಿರ್ಮಲ್ ಇನ್ನೂ ಮುಂದೆ ಹೋದರು: ಭಾರತೀಯ ಕ್ರೈಸ್ತ ದೈವಶಾಸ್ತ್ರ ಬ್ರಾಹ್ಮಣ ಪರಂಪರೆಯೊಂದಿಗೇ ಸಂವಾದಿಸುತ್ತ ಕುಳಿತಿದೆ, ಚರ್ಚುಗಳನ್ನು ತುಂಬಿರುವ ದಲಿತರ ಅನುಭವ ಅದರಲ್ಲಿಲ್ಲ ಎಂಬುದು ಅವರ ತಕರಾರು. ದಲಿತ ದೈವಶಾಸ್ತ್ರಕ್ಕೆ ಅವರು ಆಮೇಲೆ ಆಧಾರವಾಗಿ ಹಿಡಿದದ್ದು ಇಚ್ಛೆಯ ಚರ್ಚೆಯನ್ನಲ್ಲ, ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು. ಅಲ್ಲಿ ಇಸ್ರಾಯೇಲಿನ ರೈತ ಬೆಳೆಯ ಪ್ರಥಮಫಲದ ಪುಟ್ಟಿಯನ್ನು ಯಾಜಕನ ಕೈಗಿತ್ತು, ತನ್ನ ಹಿರಿಯರು ಈಜಿಪ್ಟಿನಲ್ಲಿ ಬಿಟ್ಟಿ ದುಡಿದದ್ದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಬೇಕು.