ಮೈ ಕರಗುವುದೇಕೆ?

ಅರ್ಬುದರೋಗಿಯ ಮೈ ದಿನೇ ದಿನೇ ಇಳಿಯತೊಡಗಿದರೆ ನಮ್ಮ ಬಿ.ದುರ್ಗದ ಕಡೆ ‘ಮುದ್ದೆ ಸೇರುತ್ತಿಲ್ಲ’ ಎನ್ನುತ್ತೇವೆ. ಉಣಬಡಿಸುವವರ ಮೇಲೆ ಅಪವಾದ ಬರುವುದೂ ಉಂಟು. ಇದು ಬರಿಯ ಊಟದ ಕೊರತೆಯಲ್ಲವೆಂಬುದನ್ನು ವಿಜ್ಞಾನವು ಮೆಲ್ಲಮೆಲ್ಲನೆ ಅರಿತಿತು.

ಸಂಸ್ಕೃತದ ‘ಕ್ಷಯ’ ಎಂದರೆ ಸವೆತ; ಗ್ರೀಕರು ಇಂತಹ ಸವೆತವನ್ನು ‘ಕೆಟ್ಟ ಸ್ಥಿತಿ’ ಎಂದು ಕರೆದರು. 1935ರಲ್ಲಿ ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ ಅವರು ಕೊಬ್ಬಿನ ಜಾತಿಯ ಒಂದು ವಸ್ತುವಿಗೆ ಪ್ರೊಸ್ಟಗ್ಲಾಂಡಿನ್ ಎಂದು ಹೆಸರಿಟ್ಟರು. ಜೀವಕಣದ ಪೊರೆಯಲ್ಲಿರುವ ಆಮ್ಲವೊಂದರಿಂದ ಹುಟ್ಟುವ ಈ ಬಗೆಯ ವಸ್ತುಗಳು ಉರಿಯೂತವನ್ನು ಕೆರಳಿಸುತ್ತವೆ. ಆಸ್ಪಿರಿನ್ ಇವುಗಳ ಉತ್ಪತ್ತಿಯನ್ನು ತಡೆಯುವುದೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು; 1982ರಲ್ಲಿ ಬರ್ಗ್‌ಸ್ಟ್ರೋಮ್, ಸಾಮುಯೆಲ್ಸನ್ನರೊಡನೆ ನೊಬೆಲ್ ಬಹುಮಾನ ಪಡೆದರು.

ಗಡ್ಡೆಯೂ ಅದರೊಡನೆ ಹೋರುವ ರಕ್ತಕಣಗಳೂ ಸುರಿಸುವ ಇಂತಹ ವಸ್ತುಗಳು, ಕೆಲವು ಪ್ರೋಟೀನುಗಳೊಡನೆ ಸೇರಿ, ಹಸಿವನ್ನು ಅಡಗಿಸುವುದರಲ್ಲಿ, ಸ್ನಾಯುವನ್ನು ಕರಗಿಸುವುದರಲ್ಲಿ ಪಾಲುಗೊಳ್ಳುತ್ತವೆಂದು ಪ್ರಯೋಗಗಳು ಸೂಚಿಸಿವೆ. ಊಟ ಹೆಚ್ಚಿಸಿದ ಮಾತ್ರಕ್ಕೆ ಈ ಸವೆತ ಪೂರ್ತಿ ತುಂಬಿ ಬಾರದೆಂದು 2011ರಲ್ಲಿ ಹಲವು ದೇಶಗಳ ತಜ್ಞರು ಒಮ್ಮತದಿಂದ ಸಾರಿದರು. ಆರು ತಿಂಗಳಲ್ಲಿ ತೂಕ ನೂರಕ್ಕೆ 5ಕ್ಕಿಂತ ಹೆಚ್ಚು ಇಳಿಯುವುದನ್ನು ಅದರ ಲಕ್ಷಣವೆಂದರು.

ಹಾಗೆಂದು ಉರಿಯೂತದ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ತೂಕವನ್ನು ಬರೆದಿಟ್ಟು ವೈದ್ಯರಿಗೆ ಬೇಗ ತೋರಿಸಿರಿ. ಉಣಬಡಿಸುವ ಕೈಯನ್ನು ದೂರಬೇಡಿರಿ.