ಕಾಂಕ್ರೀಟ್: ತೆಕ್ಕಲಕೋಟೆ ಸೀಮೆಯಲ್ಲಿ

ಸಿಮೆಂಟ್, ಉಸುಕು, ಜಲ್ಲಿ, ನೀರು ಬೆರೆತು ಕಲ್ಲಿನಂತೆ ಗಟ್ಟಿಯಾಗುವ ಮಿಶ್ರಣವೇ ಕಾಂಕ್ರೀಟ್. ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗ್ರಾನೈಟ್ ಗುಡ್ಡಗಳ ಮೇಲೆ ನವಶಿಲಾಯುಗದ ಜನ ಗುಂಡನೆಯ ಗುಡಿಸಲು ಕಟ್ಟಿಕೊಂಡಿದ್ದರೆಂದು 1960ರ ದಶಕದ ಉತ್ಖನನಗಳು ತೋರಿಸಿದವು. ಬಂಡೆಯೇ ಅವರಿಗೆ ನೆಲೆ. ಇಂದು ಕಾಂಕ್ರೀಟಿಗಾಗಿ ಗ್ರಾನೈಟನ್ನು ಒಡೆದು ಜಲ್ಲಿ ಮಾಡುತ್ತಾರೆ, ಅರೆದು ಎಂ-ಸ್ಯಾಂಡ್ ಮಾಡುತ್ತಾರೆ. ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗಳಿಂದ ಹೊರಬೀಳುವ ಕಿಟ್ಟ ಸ್ಲ್ಯಾಗ್ ಸಿಮೆಂಟಿಗೆ ಒದಗುತ್ತದೆ. ಕುಡತಿನಿಯ ಉಷ್ಣವಿದ್ಯುತ್ ಕೇಂದ್ರದಲ್ಲಿ ಉಳಿಯುವ ಹಾರುಬೂದಿಯಂಥದ್ದು ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿಗೆ ಬೇಕು.

ಕಾಂಕ್ರೀಟಿನ ಗಟ್ಟಿತನ ಮುಖ್ಯವಾಗಿ ನೀರಿನ ಲೆಕ್ಕದಲ್ಲಿದೆ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. 50 ಕೆ.ಜಿ. ಚೀಲದ ಸಿಮೆಂಟ್ ಹೀಗೆ ಹಿಡಿದಿಟ್ಟುಕೊಳ್ಳುವುದು ಸುಮಾರು 12 ಲೀಟರ್ ನೀರನ್ನು ಮಾತ್ರ. ಕಲಸಲು, ಹರಡಲು ಅನುಕೂಲವಾಗಲೆಂದು ಸುಮಾರು 25 ಲೀಟರ್ ಹಾಕುತ್ತೇವೆ. ಮಿಕ್ಸರ್ ಮುಂದೆ ನಿಂತವನು ಮಾಲು ಸಲೀಸಾಗಿ ಜಾರಲೆಂದು ಇನ್ನೊಂದು ಬಕೆಟ್ ಸುರಿದರೆ, ಹೆಚ್ಚಿನ ನೀರು ಆವಿಯಾಗಿ ಒಳಗೆ ಸಣ್ಣ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಚಾವಣಿ ಸೋರುವುದಕ್ಕೂ ಒಳಗಿನ ಸರಳು ತುಕ್ಕು ಹಿಡಿಯುವುದಕ್ಕೂ ಈ ಒಂದು ಬಕೆಟ್ ಸಾಕು.

ಕಾಂಕ್ರೀಟ್ ಹಾಕಿದ ಮೇಲಿನ ಮಾತು ಇದಕ್ಕೆ ತದ್ವಿರುದ್ಧ. ಆಗ ನೀರು ಎಷ್ಟು ಉಣಿಸಿದರೂ ಒಳ್ಳೆಯದೇ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿಲಿನ ಒಣ ಹವೆಯಲ್ಲಿ 10 ದಿನ ಕ್ಯೂರಿಂಗ್ ಆಗಬೇಕು. ಏಪ್ರಿಲ್-ಮೇ ತಿಂಗಳ ಬಳ್ಳಾರಿ ಬಿಸಿಲಿಗೆ ಸ್ಲ್ಯಾಬಿನ ಮೇಲ್ಮೈ ತಾಸೊಪ್ಪತ್ತಿನಲ್ಲಿ ಬಿರುಕು ಬಿಡಬಲ್ಲದು. ಅದಕ್ಕೇ ಸ್ಲ್ಯಾಬಿನ ಮೇಲೆ ಗಾರೆಯ ಮಡಿ ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಗೋಣಿತಾಟು ಸುತ್ತಿ ನೆನೆಸುತ್ತಿರುವುದು. ಇದರಲ್ಲಿ ಉಳಿತಾಯ ಮಾಡುವ ಮನೆಯೊಡೆಯ ತನ್ನ ದುಡ್ಡನ್ನೇ ಪೋಲು ಮಾಡಿಕೊಳ್ಳುತ್ತಾನೆ.

ಮನೆ ಚಾವಣಿಗೆ ಸಾಮಾನ್ಯವಾಗಿ ಬಳಸುವುದು ಎಂ-20 ದರ್ಜೆ. ಸಿಮೆಂಟ್, ಉಸುಕು, ಜಲ್ಲಿಯ ರೂಢಿಯ ಪ್ರಮಾಣ 1:1½:3. ಅದರ 150 ಮಿ.ಮೀ. ಘನ 28ನೇ ದಿನ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಾಳಬೇಕು. ಕಾಂಕ್ರೀಟ್ ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ದುರ್ಬಲ. ಎಳೆತವನ್ನು ಉಕ್ಕಿನ ಸರಳುಗಳು ಹೊರುತ್ತವೆ. ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಿಗ್ಗುವುದರಿಂದ ಕೂಡಿ ಬಾಳುತ್ತವೆ.

ಸೇತುವೆ, ಕಾಲುವೆ, ರಸ್ತೆ, ನೀರಿನ ಟ್ಯಾಂಕ್ ಎಲ್ಲಕ್ಕೂ ಕಾಂಕ್ರೀಟ್ ಬೇಕು. ಆದರೂ ಈ ಸೀಮೆಯ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಅಣೆಕಟ್ಟು ಬಹುಪಾಲು ಕಲ್ಲುಕಟ್ಟಡ, ಸುರ್ಕಿ (ಇಟ್ಟಿಗೆ ಪುಡಿಯ) ಗಾರೆಯದು.

ಎರೆಭೂಮಿಯಲ್ಲಿ ಮನೆ ಕಟ್ಟುವಾಗ ಬೇರೊಂದು ತೊಡಕಿದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಈ ಮಣ್ಣಿನ ಮೇಲೆ ಎಂಥ ಕಾಂಕ್ರೀಟೂ ಸೀಳಬಹುದು. ಆದ್ದರಿಂದ ಗಟ್ಟಿ ಗರಸು ಸಿಗುವವರೆಗೆ ಅಗೆದು ಪಾಯ ಹಾಕುತ್ತಾರೆ; ಅಷ್ಟು ಆಳ ಹೋಗಲಾಗದ ಕಡೆ, ತಳದಲ್ಲಿ ಗಡಿಗೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬಗಳನ್ನು ಇಳಿಸಿ, ಮೇಲೆ ಪ್ಲಿಂತ್ ಬೀಮಿನಿಂದ ಬಿಗಿಯುತ್ತಾರೆ.