ನಂಜುಂಡಪ್ಪ ವರದಿ: ಹಂಚಿದ ಹಣ, ಮುಟ್ಟಿದ ಹಣ



ಯಲಹಂಕ, ಹೆಬ್ಬಾಳ, ಯಶವಂತಪುರಗಳಲ್ಲಿ ಮೇಲೇಳುತ್ತಿರುವ ಬಹುಮಹಡಿ ಕಟ್ಟಡಗಳ ಮಗ್ಗುಲಲ್ಲಿ ತಗಡಿನ ಶೆಡ್ಡುಗಳ ಸಾಲನ್ನು ನೀವೆಲ್ಲ ನೋಡಿರುತ್ತೀರಿ. ಅಲ್ಲಿಯ ಕೂಲಿಕಾರರನ್ನು ಊರು ಯಾವುದೆಂದು ಕೇಳಿದರೆ ರಾಯಚೂರು, ಯಾದಗಿರಿ, ಕಲಬುರಗಿ ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ. ಒಂದೇ ರಾಜ್ಯದೊಳಗೆ ಹೀಗೇಕೆ ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ.

1956ರ ನವೆಂಬರ್ 1ರಂದು ಒಂದಾದ ನಮ್ಮ ರಾಜ್ಯವು ಐದು ಆಡಳಿತಗಳ ಕೂಡಲಸಂಗಮ: ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು. ಹಳೆಯ ಮೈಸೂರಿಗೆ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ದೊರೆತಿತ್ತು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಗುಲಬರ್ಗಾ, ರಾಯಚೂರುಗಳಿಗೆ ಅಂತಹ ಭಾಗ್ಯವಿರಲಿಲ್ಲ. ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುವುದೆಂದು ಹಳೆಯ ಮೈಸೂರಿನ ಅನೇಕರು ಏಕೀಕರಣಕ್ಕೆ ಹಿಂಜರಿದುದೂ ಉಂಟು. ಮನೆ ಒಂದಾಯಿತು, ಆದರೆ ಅಣ್ಣತಮ್ಮಂದಿರ ಪಾಲಿನ ಲೆಕ್ಕ ಮುಗಿಯಲಿಲ್ಲ.

ಆ ಲೆಕ್ಕವನ್ನು ಶಾಸ್ತ್ರೀಯವಾಗಿ ಮಾಡಿದವರು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರು. ಎಸ್.ಎಂ. ಕೃಷ್ಣ ಅವರ ಸರ್ಕಾರ 2000ದಲ್ಲಿ ರಚಿಸಿದ ಉನ್ನತಾಧಿಕಾರ ಸಮಿತಿಗೆ ಅವರೇ ಅಧ್ಯಕ್ಷರು. 2002ರ ಜೂನ್‌ನಲ್ಲಿ ಸಲ್ಲಿಕೆಯಾದ ವರದಿಯ ಹಿರಿಮೆ ಇರುವುದು ಅದು ಆರಿಸಿಕೊಂಡ ಅಳತೆಗೋಲಿನಲ್ಲಿ. ಜಿಲ್ಲೆಯ ಸರಾಸರಿಯೊಳಗೆ ಬಡ ಊರುಗಳು ಮರೆಯಾಗುತ್ತವೆಂದು ಸಮಿತಿಯು ಅಂದಿನ 175 ತಾಲೂಕುಗಳನ್ನು ಒಂದೊಂದಾಗಿ ಅಳೆಯಿತು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮುಂತಾದವುಗಳಿಂದ 35 ಸೂಚಕಗಳನ್ನು ತೆಗೆದುಕೊಂಡು ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡಿತು. 114 ತಾಲೂಕುಗಳು ಅದಕ್ಕಿಂತ ಕೆಳಗೆ ಉಳಿದವು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35.

ಆ 39ರಲ್ಲಿ 21 ಕೇವಲ ಗುಲಬರ್ಗಾ ವಿಭಾಗದವು. ಆದರೆ 13 ತಾಲೂಕುಗಳು ದಕ್ಷಿಣದವೂ ಆಗಿದ್ದವು. ನಮ್ಮ ನೆರೆಯ ಮಾಗಡಿ, ಕನಕಪುರ, ಬಾಗೇಪಲ್ಲಿಗಳು ಅವುಗಳಲ್ಲಿ ಸೇರಿದ್ದವು. ನಾವಿರುವ ಬೆಂಗಳೂರು ಉತ್ತರ ತಾಲೂಕಾದರೋ ಮುಂದುವರಿದ 61ರ ಪಟ್ಟಿಯಲ್ಲಿತ್ತು. ಹೆಬ್ಬಾಳದಿಂದ ಯಲಹಂಕದ ಮೂಲಕ ಸಾಗುವ ಹೆದ್ದಾರಿಯೇ ಬಾಗೇಪಲ್ಲಿಯನ್ನು ಮುಟ್ಟುತ್ತದೆ. ಒಂದೇ ರಸ್ತೆಯ ಎರಡು ತುದಿಗಳಲ್ಲಿ ಪಟ್ಟಿಯ ಎರಡು ತುದಿಗಳು! ನಮ್ಮ ಭಾಗದ ಏಳಿಗೆ ಕೇವಲ ನಮ್ಮ ಸ್ವಂತ ಶ್ರಮದ ಫಲವೆಂದು ಭಾವಿಸಲಾಗದು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಯಲಹಂಕದ ರೈಲು ಗಾಲಿ ಕಾರ್ಖಾನೆ, ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ, 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ವಿಮಾನ ನಿಲ್ದಾಣ ಇವೆಲ್ಲವೂ ಸರ್ಕಾರಗಳ ನಿರ್ಧಾರದಿಂದ ಇಲ್ಲಿಗೆ ಬಂದವು.

ಸಮಿತಿಯು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. ಅದರಲ್ಲಿ ಶೇ. 60 ಭಾಗ ಉತ್ತರಕ್ಕೆ, ಶೇ. 40 ಭಾಗ ದಕ್ಷಿಣಕ್ಕೆ. ಕಾರ್ಯರೂಪಕ್ಕೆ ಬಂದದ್ದು 2007-08ರಿಂದ. ಅನಂತರ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯು ಸೇರ್ಪಡೆಯಾಗಿ, 2013ರಲ್ಲಿ ಹೈದರಾಬಾದ್-ಕರ್ನಾಟಕಕ್ಕೆ ಹೊಸ ಅಭಿವೃದ್ಧಿ ಮಂಡಳಿ ರಚನೆಯಾಯಿತು. 2019ರಲ್ಲಿ ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. 2023-24ರ ಆಯವ್ಯಯದಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು.

ಘೋಷಣೆಯೇ ವೆಚ್ಚವಲ್ಲ, ವೆಚ್ಚವೇ ಫಲವಲ್ಲ. ಐರೋಪ್ಯ ದೇಶಗಳು 1975ರಲ್ಲಿ ಇಂತಹುದೇ ಪ್ರಾದೇಶಿಕ ಅಭಿವೃದ್ಧಿ ನಿಧಿಯನ್ನು ಸ್ಥಾಪಿಸಿಕೊಂಡವು. ಶ್ರೀಮಂತ ಸದಸ್ಯ ರಾಷ್ಟ್ರಗಳ ಕೊಡುಗೆಯ ಬಹುಪಾಲು ಬಡ ಪ್ರದೇಶಗಳಿಗೆ ಹರಿಯುತ್ತದೆ. ಅಲ್ಲಿಯೂ ಹಣ ಬಳಕೆಯಾಗದೆ ಕೊಳೆಯುವ ತೊಂದರೆ ಕಂಡುಬಂದುದರಿಂದ, ಮೀಸಲಿಟ್ಟ ಹಣವನ್ನು ಎರಡು ವರ್ಷಗಳೊಳಗೆ ಖರ್ಚು ಮಾಡದಿದ್ದರೆ ಹಿಂದಕ್ಕೆ ಪಡೆಯುವ ನಿಯಮವನ್ನು 2000ದಿಂದ ಜಾರಿಗೆ ತಂದರು. ಆದರೆ ಇಂತಹ ನಿಯಮಕ್ಕೂ ಒಂದು ಅಪಾಯವಿದೆ: ಗಡುವು ಸಮೀಪಿಸಿದಾಗ ಬೇಗ ಮುಗಿಯುವ ಕಾಮಗಾರಿಗೇ ಹಣ ಓಡುತ್ತದೆ. ಸಿಮೆಂಟು ರಸ್ತೆ, ಸಮುದಾಯ ಭವನ ಬೇಗ ಏಳುತ್ತವೆ. ಒಳ್ಳೆಯ ಶಾಲೆ ಬೇಗ ಏಳುವುದಿಲ್ಲ.

ಮೇಷ್ಟ್ರಾದ ನಾನು ಫಲವನ್ನು ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹುಡುಕುತ್ತೇನೆ. 2024ರಲ್ಲಿ ಉಡುಪಿ ಜಿಲ್ಲೆ ಶೇ. 94, ಯಾದಗಿರಿ ಶೇ. 50.59. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ವರದಿ ಬಂದು ಎರಡು ದಶಕಗಳಾದ ಮೇಲಿನ ಅಂಕಿಗಳಿವು. ಕೊಠಡಿ ಕಟ್ಟಿಸಿದರೆ ಸಾಲದು. ಅದರಲ್ಲಿ ಪಾಠ ಹೇಳುವ ಗಣಿತದ ಮೇಷ್ಟ್ರು ವರ್ಷವಿಡೀ ಇರಬೇಕು.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾಯಿತು. ಅಳತೆಗೋಲನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಅವಶ್ಯವೇ ಸರಿ. 371ಜೆ ವಿಧಿಯ ಪ್ರಕಾರ ಮಂಡಳಿಯ ಕಾರ್ಯವರದಿಯು ಪ್ರತಿವರ್ಷವೂ ವಿಧಾನಸಭೆಯ ಮುಂದೆ ಬರಬೇಕು. ನಿಮ್ಮಲ್ಲಿ ಕೆಲವರು ಸರ್ಕಾರಿ ಸೇವೆಯಲ್ಲಿದ್ದೀರಿ, ಕೆಲವರು ಪತ್ರಿಕೆಗಳಲ್ಲಿದ್ದೀರಿ. ಆಯವ್ಯಯದ ದಿನ ಎಷ್ಟು ಕೋಟಿ ಕೊಟ್ಟರೆಂಬುದನ್ನು ಎಲ್ಲರೂ ಓದುತ್ತಾರೆ. ನೀವು ವರ್ಷದ ಕೊನೆಯ ಆ ವರದಿಯನ್ನೂ ತೆರೆದು, ಯಾವ ತಾಲೂಕಿಗೆ ಎಷ್ಟು ಮುಟ್ಟಿತು, ಅದರಿಂದ ಏನಾಯಿತು ಎಂದು ಓದಬೇಕೆಂಬುದು ನನ್ನ ಆಸೆ.